ಒಂದೇ ಶಿರಾಜ್, ನಾಲ್ಕು ಊರು: ಮನೆಯಲ್ಲಿ ವೈನ್ ರುಚಿ ನೋಡೋದು ಹೇಗೆ?

ಕುಕ್ಕರಹಳ್ಳಿ ಏರಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾವು ಎಂಟು ಜನ ಗೆಳೆಯರು ದುಡ್ಡು ಹಾಕಿ, ಆರು ಬಾಟಲಿ ವೈನ್ ತಂದು, ಮನೆಯಲ್ಲೇ ಕೂತು ರುಚಿ ನೋಡೋಣ ಅಂತ ಮಾಡಿದ್ದೇವೆ. ಪಾರ್ಟಿ ಮಾಡೋದಕ್ಕಲ್ಲ. ಊರಿಂದ ಊರಿಗೆ ವೈನ್ ಹೇಗೆ ಬೇರೆ ಆಗುತ್ತೆ ಅಂತ ನಿಜವಾಗಿ ತಿಳ್ಕೊಳ್ಳೋ ಆಸೆ.

ಸದ್ಯದ ಪಟ್ಟಿ: ನಾಸಿಕ್‌ನ ಸೊವಿನ್ಯೋಂ ಬ್ಲಾಂಕ್, ನಂದಿ ಬೆಟ್ಟದ ಕಡೆಯ ಒಂದು ಕೆಂಪು ವೈನ್, ಅಕ್ಲೂಜ್‌ನ ಸ್ಯಾಂಜೊವೇಸೆ, ಹಂಪಿ ಕಡೆಯ ಕ್ಯಾಬರ್ನೆ, ಆಸ್ಟ್ರೇಲಿಯಾದ ಶಿರಾಜ್, ಸ್ಪೇನ್‌ನ ರಿಯೋಹಾ.

ಯಾವುದು ಮೊದಲು, ಯಾವುದು ಕೊನೆಗೆ? ಒಬ್ಬರಿಗೆ ಎಷ್ಟು ಸುರಿಯಬೇಕು? ಜೊತೆಗೆ ತಿನ್ನೋದಕ್ಕೆ ಏನಿಡಬೇಕು?

ಇನ್ನೊಂದು ಮಾತು. ಹಿಂದೆ ಒಂದು ವೈನರಿ ಟೂರ್‌ಗೆ ಹೋಗಿದ್ದೆವು. ಅಲ್ಲಿನ ಗೈಡ್ "ಈಗ ಚೆರ್ರಿ ಬರುತ್ತೆ, ಈಗ ವೆನಿಲ್ಲಾ ಬರುತ್ತೆ" ಅಂದರು. ಎಲ್ಲರೂ ಹೌದು ಹೌದು ಅಂತ ತಲೆ ಆಡಿಸಿದರು. ನಮ್ಮನೆಯಲ್ಲಿ ಹಾಗೆ ಆಗಬಾರದು. ಅವರವರ ಮೂಗಿಗೆ ಬಂದದ್ದನ್ನೇ ಅವರವರು ಹೇಳಬೇಕು. ಅದಕ್ಕೆ ಏನು ಉಪಾಯ?

ನಂದಿ ತಪ್ಪಲು

ಸರ್, ಬೇಜಾರು ಮಾಡ್ಕೋಬೇಡಿ, ಈ ಪಟ್ಟಿಯಿಂದ ಏನೂ ಗೊತ್ತಾಗಲ್ಲ. ಆರು ಬಾಟಲಿ, ಆರು ಊರು, ಆರು ಬೇರೆ ದ್ರಾಕ್ಷಿ. ರುಚಿ ಬೇರೆ ಅನಿಸಿದರೆ ಅದು ಊರಿನಿಂದ ಬಂತೋ, ದ್ರಾಕ್ಷಿಯಿಂದ ಬಂತೋ ಹೇಗೆ ಹೇಳ್ತೀರಿ?

ಒಂದೇ ದ್ರಾಕ್ಷಿ ಹಿಡ್ಕೊಳ್ಳಿ. ನಮ್ಮಲ್ಲಿ ಸುಲಭವಾಗಿ ಸಿಗೋದು ಶಿರಾಜ್. ನಂದಿಯದ್ದೊಂದು, ನಾಸಿಕ್‌ನದ್ದೊಂದು, ಆಸ್ಟ್ರೇಲಿಯಾದ ಬರೋಸಾದ್ದೊಂದು, ಫ್ರಾನ್ಸ್‌ನ ಉತ್ತರ ರೋನ್ ಕಣಿವೆಯದ್ದೊಂದು. ನಾಲ್ಕೂ ಒಂದೇ ಬಳ್ಳಿಯ ಹಣ್ಣು. ಆಗ ಏನೇ ವ್ಯತ್ಯಾಸ ಬಂದರೂ ಅದು ಮಣ್ಣು, ಹವೆ, ಮಾಡಿದವರ ಕೈ. ಅಲ್ವಾ?

ದಾವಣಗೆರೆ ಡಿಲಕ್ಸ್

ನಾನು ಒಪ್ಪಲ್ಲ. ಹೊಸಬರಿಗೆ ಮೊದಲು ಬಗೆಬಗೆ ರುಚಿ ತೋರಿಸಬೇಕು. ಮೊದಲ ಸಲ ಮನೆಗೆ ಊಟಕ್ಕೆ ಬಂದವರಿಗೆ ನಾಲ್ಕು ಥರದ ಅನ್ನ ಬಡಿಸಿ ವ್ಯತ್ಯಾಸ ಹೇಳಿ ಅಂದರೆ ಹೇಗೆ? ಬಿಳಿ ಅಂದರೇನು, ಕೆಂಪು ಅಂದರೇನು, ಹುಳಿ ಅಂದರೇನು, ಒಗರು ಅಂದರೇನು ಅನ್ನೋದು ನಾಲಿಗೆಗೆ ಮೊದಲು ಗೊತ್ತಾಗಲಿ. ಊರಿನ ಲೆಕ್ಕ ಆಮೇಲೆ.

ನಂದಿ ತಪ್ಪಲು

@ದಾವಣಗೆರೆ, ಎಂಟು ಜನರಲ್ಲಿ ಯಾರೂ ಹೊಸಬರ ಹಾಗೆ ಕಾಣಿಸ್ತಿಲ್ಲ. ವೈನರಿ ನೋಡಿ ಬಂದಿದ್ದಾರೆ. ಅವರ ಪ್ರಶ್ನೆಯೇ "ಊರಿಂದ ಊರಿಗೆ ಹೇಗೆ ಬೇರೆ" ಅಂತ.

ಆದರೂ ನಿಮ್ಮ ಮಾತಿಗೆ ಜಾಗ ಇದೆ. ನಾಲ್ಕು ಶಿರಾಜ್ ಇಡಿ, ಶುರುವಿಗೆ ಎರಡು ಬಿಳಿ ಇಡಿ. ಆ ಎರಡು ಬಿಳಿಯೂ ಒಂದೇ ದ್ರಾಕ್ಷಿಯದ್ದಾಗಿರಲಿ: ನಾಸಿಕ್‌ನ ಶೆನಿನ್ ಬ್ಲಾಂಕ್, ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂಕ್. ಆರು ಬಾಟಲಿ ಆಯ್ತು.

ಅಳತೆ: 750 ಎಂಎಲ್ ಬಾಟಲಿಯಿಂದ ತಲಾ 50 ಎಂಎಲ್‌ನಂತೆ 15 ಜನಕ್ಕೆ ಆಗುತ್ತೆ. ನೀವು ಎಂಟು ಜನ. ಊಟದ ಹೊತ್ತಿಗೆ ಎರಡನೇ ಸುತ್ತಿಗೂ ಉಳಿಯುತ್ತೆ. ಆ ಎರಡನೇ ಸುತ್ತು ಬಿಡಬೇಡಿ.

ನಂದಿಯದ್ದು ತಗೊಳ್ಳುವಾಗ ಲೇಬಲ್ ನೋಡಿ. ಗ್ರೋವರ್ ಅವರ ಲಾ ರಿಸರ್ವ್ ಎಲ್ಲ ಕಡೆ ಸಿಗುತ್ತೆ, ಆದರೆ ಅದು ಕ್ಯಾಬರ್ನೆ ಮತ್ತು ಶಿರಾಜ್ ಸೇರಿಸಿ ಮಾಡಿದ್ದು. ನಿಮಗೆ ಬೇಕಿರೋದು ಬರೀ ಶಿರಾಜ್. ರೋನ್ ಬಾಟಲಿಯಲ್ಲಿ ದ್ರಾಕ್ಷಿ ಹೆಸರು ಸಾಮಾನ್ಯವಾಗಿ ಇರಲ್ಲ, ಊರಿನ ಹೆಸರು ಇರುತ್ತೆ. ಕ್ರೋಜ್ ಎರ್ಮಿಟಾಜ್ ಅಥವಾ ಸೇಂಟ್ ಜೋಸೆಫ್ ಅಂತ ಇದ್ದು ವೈನ್ ಕೆಂಪಾಗಿದ್ದರೆ ಅದು ಸಿರಾ, ಅಂದರೆ ಶಿರಾಜೇ.

ಅಡಿಲೇಡ್ ಅಕ್ಕ

ಬರೋಸಾ ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ, ಹಾಗಾಗಿ ಬಾಯಿ ಹಾಕ್ತಿದ್ದೇನೆ.

ಇಲ್ಲಿ 1840ರ ದಶಕದಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಈಗಲೂ ಹಣ್ಣು ಬಿಡುತ್ತಿವೆ. ಯುರೋಪಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನೋ ಬೇರು ತಿನ್ನುವ ಹುಳ ಬಂದು ತೋಟಕ್ಕೆ ತೋಟವೇ ಹೋಯಿತು. ದಕ್ಷಿಣ ಆಸ್ಟ್ರೇಲಿಯಾಕ್ಕೆ ಅದು ಬರಲಿಲ್ಲ. ಇವತ್ತಿಗೂ ಬೇರೆ ರಾಜ್ಯದಿಂದ ಬಳ್ಳಿ ತರೋದಕ್ಕೆ ಬಿಗಿ ಕಟ್ಟುಪಾಡು ಇದೆ. ತೋಟದ ಬಾಗಿಲಲ್ಲೇ "ಬಳ್ಳಿ ಸಾಲಿಗೆ ಇಳಿಯಬೇಡಿ" ಅಂತ ಬೋರ್ಡು ಹಾಕಿರುತ್ತಾರೆ. ಯಾರದೋ ಬೂಟಿನ ಮಣ್ಣಲ್ಲಿ ಆ ಹುಳ ಬಂದುಬಿಟ್ಟರೆ ಅನ್ನೋ ಭಯ.

ಬರೋಸಾ ಶಿರಾಜ್‌ನಲ್ಲಿ ಆಲ್ಕೋಹಾಲ್ ಶೇಕಡ 14.5 ಸಾಮಾನ್ಯ. ಅದಕ್ಕೆ ಅದನ್ನು ಕೊನೆಗೆ ಇಡಿ. ಮೊದಲೇ ಕುಡಿದರೆ ಆಮೇಲೆ ಬಂದ ರೋನ್ ನೀರುನೀರು ಅನಿಸುತ್ತೆ, ಪಾಪ. ಬಿಳಿ ಎರಡು, ಆಮೇಲೆ ರೋನ್, ನಂದಿ, ನಾಸಿಕ್, ಕಡೆಗೆ ಬರೋಸಾ.

ಸಕಲೇಶಪುರ ಮೆಣಸು

ಶಿರಾಜ್ ಅಂದ ಕೂಡಲೇ ಎಲ್ಲರೂ ಹೇಳೋದು ಕಾಳುಮೆಣಸಿನ ವಾಸನೆ ಅಂತ. ಬಾಟಲಿ ಹಿಂದೆಯೂ ಅದನ್ನೇ ಬರೆದಿರುತ್ತಾರೆ. ನಮ್ಮದು ಮೆಣಸಿನ ತೋಟ. ಕಣದಲ್ಲಿ ಒಣಹಾಕಿದ ಮೆಣಸಿನ ಪಕ್ಕ ಬೆಳೆದವನು ನಾನು. ಎಷ್ಟೋ ಶಿರಾಜ್ ಕುಡಿದಿದ್ದೇನೆ, ಒಂದರಲ್ಲೂ ಮೆಣಸು ಸಿಕ್ಕಿಲ್ಲ. ಮಾರೋದಕ್ಕೆ ಕಟ್ಟಿದ ಕಥೆ ಅಂತಲೇ ನನ್ನ ಅಭಿಪ್ರಾಯ.

ಕೆಮಿಸ್ಟ್ರಿ ಮೇಷ್ಟ್ರು

@ಸಕಲೇಶಪುರ, ಕಥೆ ಅಲ್ಲ ಸರ್. ಆ ವಾಸನೆ ಕೊಡುವ ವಸ್ತುವಿಗೆ ಹೆಸರಿದೆ, ರೋಟಂಡೋನ್. ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು ಅದನ್ನು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಕಾಳುಮೆಣಸಿನಲ್ಲೂ ಅದೇ ಇದೆ, ಶಿರಾಜ್ ಹಣ್ಣಿನ ಸಿಪ್ಪೆಯಲ್ಲೂ ಅದೇ ಇದೆ. ಒಂದು ಲೀಟರ್‌ನಲ್ಲಿ ಒಂದು ಗ್ರಾಂನ ನೂರು ಕೋಟಿ ಭಾಗಗಳಲ್ಲಿ ಸುಮಾರು ಹದಿನಾರು ಭಾಗದಷ್ಟು ಸಾಕು, ಕೆಲವರ ಮೂಗಿಗೆ ಥಟ್ಟನೆ ಸಿಗುತ್ತೆ.

ಕೆಲವರಿಗೆ ಮಾತ್ರ. ಅದೇ ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅದರ ವಾಸನೆ ಗೊತ್ತೇ ಆಗಲಿಲ್ಲ. ಎಷ್ಟು ಹೆಚ್ಚು ಹಾಕಿಕೊಟ್ಟರೂ ಬರೀ ನೀರು ಅಂದವರಿದ್ದರು.

ಸಕಲೇಶಪುರ ಮೆಣಸು

ಅಂದ್ರೆ ನನ್ನ ಮೂಗು ಸರಿ ಇಲ್ಲ ಅಂತಾನಾ? ವ್ಯಾಪಾರಿ ಚೀಲ ಬಿಚ್ಚಿದರೆ ಹೊಸ ಮೆಣಸೋ ಹಳೇ ಮೆಣಸೋ ದೂರದಿಂದಲೇ ಹೇಳ್ತೀನಿ ನಾನು.

ಕೆಮಿಸ್ಟ್ರಿ ಮೇಷ್ಟ್ರು

ಖಂಡಿತ ಹೇಳ್ತೀರಿ. ಮೆಣಸಿನಲ್ಲಿ ಇರೋದು ರೋಟಂಡೋನ್ ಒಂದೇ ಅಲ್ಲ. ಪೈನೀನ್, ಲಿಮೋನೀನ್ ಅಂತ ಹತ್ತಾರು ಎಣ್ಣೆ ಅಂಶಗಳಿವೆ. ಹೊಸತು ಹಳೇದು ಅಂತ ನಿಮಗೆ ಅವುಗಳಿಂದಲೇ ಗೊತ್ತಾಗಬಹುದು. ಶಿರಾಜ್‌ನಲ್ಲಿ ಮೆಣಸಿನ ವಾಸನೆ ಕೊಡೋದು ಮುಖ್ಯವಾಗಿ ರೋಟಂಡೋನ್. ಆ ಒಂದು ವಸ್ತು ನಿಮ್ಮ ಮೂಗಿಗೆ ಕಾಣಿಸದಿದ್ದರೆ ಮೆಣಸು ಗೊತ್ತಾಗುತ್ತೆ, ವೈನ್‌ನಲ್ಲಿ ಮೆಣಸು ಗೊತ್ತಾಗಲ್ಲ. ಇದು ಹೆಚ್ಚಾಗಿ ಹುಟ್ಟಿನಿಂದ ಬರೋ ವ್ಯತ್ಯಾಸ. ಮೂಗು ಚೆನ್ನಾಗಿದೆ, ಕೆಟ್ಟಿದೆ ಅನ್ನೋ ಮಾತಲ್ಲ.

@ಕುಕ್ಕರಹಳ್ಳಿ, ನಿಮ್ಮ ಗೈಡ್ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಎಂಟು ಮೂಗು ಒಂದೇ ಥರ ಇರಲ್ಲ. ಒಬ್ಬರು ಗಟ್ಟಿಯಾಗಿ ಹೇಳೋ ಮೊದಲು ಎಲ್ಲರೂ ಚೀಟಿಯಲ್ಲಿ ಬರೆದುಬಿಡಲಿ. ಆಮೇಲೆ ಒಟ್ಟಿಗೆ ಓದಿ.

ತಂಪು ಊರಿನ ಶಿರಾಜ್‌ನಲ್ಲಿ ರೋಟಂಡೋನ್ ಜಾಸ್ತಿ, ಬಿಸಿಲೂರಿನದ್ದರಲ್ಲಿ ಕಡಿಮೆ. ನಿಮ್ಮ ನಾಲ್ಕರಲ್ಲಿ ಮೆಣಸು ಸಿಗೋದಾದರೆ ರೋನ್‌ನಲ್ಲೇ ಸಿಗಬೇಕು.

ಸಕಲೇಶಪುರ ಮೆಣಸು

ಓದಿದೆ. ಪೂರ್ತಿ ಒಪ್ಪಿಲ್ಲ. ರೋನ್‌ನದ್ದು ನಾನು ಇನ್ನೂ ಕುಡಿದಿಲ್ಲ, ಕುಡಿದು ನೋಡಿ ಹೇಳ್ತೀನಿ.

ಹೆಬ್ಬಾಳ ಫ್ಲೈಓವರ್

ಬಾಟಲಿಗೆ ಪೇಪರ್ ಸುತ್ತಿ. ಲೇಬಲ್ ಕಂಡರೆ ಎಲ್ಲ ಹೋಯ್ತು.

ದಾವಣಗೆರೆ ಡಿಲಕ್ಸ್

ಲೇಬಲ್ ಮುಚ್ಚಿ ಕುಡಿಯೋದು ಪರೀಕ್ಷೆ ಬರೆದ ಹಾಗಾಗುತ್ತೆ ಅಂತ ನನ್ನ ಅನಿಸಿಕೆ. ಯಾವ ಊರು, ಯಾರು ಬೆಳೆದರು ಅಂತ ಗೊತ್ತಿದ್ದರೆ ಕುಡಿಯೋದರಲ್ಲಿ ಖುಷಿ ಜಾಸ್ತಿ.

ಹೆಬ್ಬಾಳ ಫ್ಲೈಓವರ್

ಖುಷಿ ಆಮೇಲೆ ಪಡಬಹುದು, ಪೇಪರ್ ಬಿಚ್ಚಿದ ಮೇಲೆ. 1976ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಏನಾಯ್ತು ನೋಡಿ. ಸ್ಟೀವನ್ ಸ್ಪರಿಯರ್ ಅನ್ನೋ ಇಂಗ್ಲಿಷ್ ವೈನ್ ವ್ಯಾಪಾರಿ ಫ್ರೆಂಚ್ ಪರಿಣತರನ್ನು ಕೂರಿಸಿ, ಹೆಸರು ಹೇಳದೆ ಫ್ರಾನ್ಸ್ ವೈನು, ಕ್ಯಾಲಿಫೋರ್ನಿಯಾ ವೈನು ಕೊಟ್ಟರು. ಬಿಳಿಯಲ್ಲೂ ಕೆಂಪಿನಲ್ಲೂ ಕ್ಯಾಲಿಫೋರ್ನಿಯಾ ಮೊದಲು ಬಂತು. ಬಿಳಿಯಲ್ಲಿ ಶಾಟೋ ಮಾಂಟೆಲೀನಾ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್. ಎರಡೂ 1973ರ ಬೆಳೆ. ಲೇಬಲ್ ಕಂಡಿದ್ದರೆ ಆ ಅಂಕ ಬೀಳ್ತಿತ್ತಾ?

ಕೆಮಿಸ್ಟ್ರಿ ಮೇಷ್ಟ್ರು

ಇನ್ನೊಂದು ಸೇರಿಸ್ತೀನಿ. 2001ರಲ್ಲಿ ಪ್ರಕಟವಾದ ಒಂದು ಫ್ರೆಂಚ್ ಅಧ್ಯಯನ. ಬೋರ್ಡೋದಲ್ಲಿ ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆ ಇಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಬರೆದ ಮಾತೆಲ್ಲ ಕೆಂಪು ವೈನ್‌ಗೆ ಬಳಸುವ ಮಾತೇ. ಕಣ್ಣು ನೋಡಿದ್ದನ್ನು ಮೂಗು ನಂಬುತ್ತೆ. ಲೇಬಲ್ ಮುಚ್ಚೋದರ ಜೊತೆಗೆ ಬಣ್ಣದ ಮೇಲೂ ಜಾಸ್ತಿ ಭರವಸೆ ಇಡಬೇಡಿ.

ಮಂಗಳೂರು ಬಂದರು

ನಮ್ಮ ಕಡೆ ಕ್ರಿಸ್‌ಮಸ್‌ಗೆ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡ್ತಾರೆ. ಭರಣಿಯಲ್ಲಿ ಸಕ್ಕರೆ, ದ್ರಾಕ್ಷಿ, ಗೋಧಿ, ಸ್ವಲ್ಪ ಯೀಸ್ಟ್ ಹಾಕಿ ಇಡೋದು. ಪಕ್ಕದ ಮನೆ ಬಾಯಮ್ಮ ಮಾಡಿದ್ದಕ್ಕೆ ಸಮ ಯಾವುದೂ ಇಲ್ಲ. ಅದನ್ನೂ ಒಂದು ಗ್ಲಾಸ್ ಇಡಿ.

ಕೊಡಗಿನ ಕಿತ್ತಳೆ

ಕೊಡಗಿಗೆ ಬನ್ನಿ. ಶುಂಠಿ, ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ವೀಳ್ಯದೆಲೆ, ಎಲ್ಲದರಲ್ಲೂ ಮನೆ ವೈನ್ ಸಿಗುತ್ತೆ.

ನಂದಿ ತಪ್ಪಲು

ಅವೆಲ್ಲ ಇನ್ನೊಂದು ದಿನಕ್ಕೆ ಇಟ್ಕೊಳ್ಳಿ ಪ್ಲೀಸ್. ಅಷ್ಟು ಸಿಹಿಯಾದದ್ದು ಮಧ್ಯೆ ಬಂದರೆ ಮುಂದಿನ ಎಲ್ಲ ವೈನೂ ಹುಳಿ ಅನಿಸುತ್ತೆ.

ಚಿಕ್ಕಬಳ್ಳಾಪುರ ಚಪ್ಪರ

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಯಾಕೆ ಯಾರೂ ಕೇಳ್ತಿಲ್ಲ? 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ನಮ್ಮ ಚಪ್ಪರದಲ್ಲಿ ಅಜ್ಜನ ಕಾಲದಿಂದ ಇದೆ. ಸಿಹಿ ಪೋರ್ಟ್ ವೈನ್‌ಗೆ ಹೋಗೋದು ಇದೇ ಹಣ್ಣು.

ಕೆಮಿಸ್ಟ್ರಿ ಮೇಷ್ಟ್ರು

ಹೊರದೇಶದಲ್ಲಿ ಅದಕ್ಕೆ ಇಸಬೆಲ್ಲಾ ಅಂತ ಹೆಸರು. ಅಮೆರಿಕದ ಕಾಡು ಬಳ್ಳಿ ಲಬ್ರಸ್ಕಾ ಮತ್ತು ಯುರೋಪಿನ ಬಳ್ಳಿ ಬೆರೆತು ಬಂದದ್ದು. ಅದಕ್ಕೇ ಆ ಗಾಢ ವಾಸನೆ, ದ್ರಾಕ್ಷಿ ಜ್ಯೂಸ್ ಬಾಟಲಿ ತೆಗೆದಾಗ ಬರುತ್ತಲ್ಲ, ಅದು. ಯುರೋಪಿಯನ್ ಒಕ್ಕೂಟದಲ್ಲಿ ಇಸಬೆಲ್ಲಾದಿಂದ ವೈನ್ ಮಾಡಿ ಮಾರೋದಕ್ಕೆ ಅವಕಾಶ ಇಲ್ಲ. ಜ್ಯೂಸ್‌ಗೆ ಮಾತ್ರ ಅದಕ್ಕೆ ಸಾಟಿ ಇಲ್ಲ.

ಚಿಕ್ಕಬಳ್ಳಾಪುರ ಚಪ್ಪರ

ಅವರು ಅವಕಾಶ ಕೊಡದಿದ್ದರೆ ನಮಗೇನು? ರೋಗ ತಡೆಯುತ್ತೆ, ಮಳೆ ತಡೆಯುತ್ತೆ, ರೈತನಿಗೆ ಒಂದಿಷ್ಟು ಉಳಿಯುತ್ತೆ. ಶಿರಾಜ್‌ಗೆ ಹೊಡೆಯೋ ಔಷಧಿ ಖರ್ಚು ಬೆಳೆದವರನ್ನು ಕೇಳಿ.

ವಿಜಯಪುರ ಮಣೂಕ

ಚಪ್ಪರದ ಅಣ್ಣ ಹೇಳಿದ್ದು ಖರೆ. ನಮ್ಮದು ಥಾಮ್ಸನ್, ಬೀಜ ಇಲ್ಲದ ತಿನ್ನೋ ದ್ರಾಕ್ಷಿ, ಅರ್ಧ ಪೇಟೆಗೆ, ಅರ್ಧ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ. ವೈನ್ ದ್ರಾಕ್ಷಿ ನಮ್ಮ ಊರಿನವರು ಒಬ್ಬಿಬ್ಬರು ಹಾಕಿ ನೋಡಿದ್ದಾರೆ. ಎರಡೂ ಬೆಳೆ ಪೂರ್ತಿ ಉಲ್ಟಾ. ತಿನ್ನೋ ದ್ರಾಕ್ಷಿಗೆ ನಾವು ಜಿಎ (ಜಿಬ್ಬರೆಲಿಕ್ ಆಸಿಡ್ ಅನ್ನೋ ಬೆಳವಣಿಗೆ ಔಷಧಿ) ಹೊಡೆದು ಕಾಯಿ ದಪ್ಪ ಮಾಡ್ತೇವೆ. ವೈನ್‌ನವರಿಗೆ ಕಾಯಿ ಸಣ್ಣದಿರಬೇಕು, ಸಿಪ್ಪೆ ದಪ್ಪ ಇರಬೇಕು, ಬೀಜ ಇದ್ದರೂ ನಡೆಯುತ್ತೆ. ಕೆಂಪು ವೈನ್‌ನ ಬಣ್ಣ ಬರೋದು ಆ ಸಿಪ್ಪೆಯಿಂದಲೇ, ಒಗರು ಸಿಪ್ಪೆ, ಬೀಜ ಎರಡರಿಂದ.

ನಿಮ್ಮ "ಊರಿಂದ ಊರಿಗೆ" ಅನ್ನೋ ಪ್ರಶ್ನೆಗೆ ನಂದೂ ಒಂದು ಮಾತು. ಫ್ರಾನ್ಸ್‌ನಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತೆ. ನಮ್ಮಲ್ಲಿ ಅದು ಮಲಗೋದೇ ಇಲ್ಲ, ಬಿಟ್ಟರೆ ವರ್ಷವಿಡೀ ಬೆಳೀತಾನೇ ಇರುತ್ತೆ. ಅದಕ್ಕೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸೋದು. ಏಪ್ರಿಲ್ ಹೊತ್ತಿಗೆ ಒಂದು, ಕಡ್ಡಿ ತಯಾರಾಗಲಿ ಅಂತ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಂದು, ಹಣ್ಣಿಗೆ. ಅಲ್ಲಿ ಸುಗ್ಗಿ ಸೆಪ್ಟೆಂಬರ್‌ನಲ್ಲಿ, ಇಲ್ಲಿ ಜನವರಿಯಿಂದ ಮಾರ್ಚ್. ನಮ್ಮ ಹಣ್ಣು ಮಾಗೋದು ಬಿಸಿಲು ಏರ್ತಾ ಹೋಗೋ ಕಾಲದಲ್ಲಿ, ಅವರದ್ದು ಬಿಸಿಲು ಇಳೀತಾ ಹೋಗೋ ಕಾಲದಲ್ಲಿ. ಸಕ್ಕರೆ ಬೇಗ ಏರುತ್ತೆ, ಹುಳಿ ಬೇಗ ಇಳಿಯುತ್ತೆ. ಗ್ಲಾಸಿನಲ್ಲಿ ಅದು ಗೊತ್ತಾಗುತ್ತೋ ಇಲ್ಲೋ ನೀವೇ ಹೇಳ್ರಿ. ನಾನು ಕುಡಿಯಲ್ಲ.

ಅಡಿಲೇಡ್ ಅಕ್ಕ

@ವಿಜಯಪುರ, ಈ ಚರ್ಚೆಯಲ್ಲಿ ನಂಗೆ ತುಂಬ ಇಷ್ಟ ಆದದ್ದು ನಿಮ್ಮ ಮಾತು. ಸುಗ್ಗಿ ನಮ್ಮಲ್ಲೂ ಫೆಬ್ರವರಿ, ಮಾರ್ಚ್‌ನಲ್ಲೇ, ಆದರೆ ಇಲ್ಲಿ ಆಗ ಬೇಸಿಗೆ ಮುಗಿಯೋ ಹೊತ್ತು. ತಿಂಗಳು ಒಂದೇ, ಬಿಸಿಲಿನ ದಾರಿ ಬೇರೆ.

ನಂದಿ ತಪ್ಪಲು

ಅದಕ್ಕೇ ಎತ್ತರ ಮುಖ್ಯ. ದೊಡ್ಡಬಳ್ಳಾಪುರದ ಕಡೆ ಕನ್ವಲ್ ಗ್ರೋವರ್ 1988ರಲ್ಲಿ ಶುರು ಮಾಡಿದ ತೋಟ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಾಸಿಕ್ 600ರ ಆಸುಪಾಸು. ಮಣ್ಣೂ ಬೇರೆ. ಇಲ್ಲಿ ಕಲ್ಲು ಬೆರೆತ ಕೆಂಪು ಮಣ್ಣು, ಅಲ್ಲಿ ಕಪ್ಪು ಬಸಾಲ್ಟ್ ಬಂಡೆ ಕರಗಿ ಆದ ಮಣ್ಣು. ರಾತ್ರಿ ತಂಪಾದಷ್ಟೂ ಹಣ್ಣಿನಲ್ಲಿ ಹುಳಿ ಉಳಿಯುತ್ತೆ.

ಸರಳ ಜೀವನ

ಎಲ್ಲ ಓದಿದೆ. ವಿಷಯ ಗೊತ್ತಿರುವವರು ಬರೆದಿದ್ದೀರಿ, ಸಂತೋಷ. ಒಂದೇ ವಿನಂತಿ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಅಂತ ಮಾತ್ರ ಯಾರೂ ಹೇಳಬೇಡಿ. ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಅದು ಇದೆ. ನಮ್ಮ ಮನೆಯಲ್ಲಿ ಇದರಿಂದ ಆದ ನಷ್ಟ ನಾನು ನೋಡಿದ್ದೇನೆ.

ಕುಕ್ಕರಹಳ್ಳಿ ಏರಿ

ಸರ್, ನೀವು ಹೇಳಿದ್ದು ಸರಿ. ಔಷಧಿ ಅಂತ ಯಾರೂ ಕುಡಿಯಬಾರದು. ನಾವು ಉಗಿಯೋದಕ್ಕೆ ಒಂದೊಂದು ಸ್ಟೀಲ್ ಲೋಟ ಇಡ್ತಿದ್ದೇವೆ. ಯಾರೂ ಗಾಡಿ ತರಲ್ಲ, ಆಟೋದಲ್ಲೇ ಬಂದು ಹೋಗ್ತಾರೆ.

ಹೆಬ್ಬಾಳ ಫ್ಲೈಓವರ್

ಉಗಿಯೋದಕ್ಕೆ ನಾಚಿಕೆ ಬೇಡ. ಕೆಲಸಕ್ಕಾಗಿ ರುಚಿ ನೋಡುವವರು ದಿನಕ್ಕೆ ಹತ್ತಾರು ವೈನ್ ನೋಡೋದು ಉಗಿದೇ.

ಜಯನಗರ ನಾಲ್ಕನೇ ಬ್ಲಾಕ್

ಸಣ್ಣ ಸಣ್ಣ ವಿಷಯ, ಆದರೆ ಇವುಗಳಿಂದಲೇ ಕೆಡೋದು. ಆ ಸಂಜೆ ದೇವರ ಮನೆಯಲ್ಲಿ ಊದುಬತ್ತಿ ಬೇಡ, ಸುಮ್ನೆ ದೀಪ ಹಚ್ಚಿ. ಮಲ್ಲಿಗೆ ಮುಡಿದು ಬರಬೇಡಿ, ಸೆಂಟ್ ಹಾಕಬೇಡಿ. ಅಡುಗೆಮನೆ ಒಗ್ಗರಣೆ ಮೊದಲೇ ಮುಗಿಸಿ ಕಿಟಕಿ ತೆಗೆದಿಡಿ. ಬಂದ ಕೂಡಲೇ ಫಿಲ್ಟರ್ ಕಾಫಿ ಕೊಡೋ ಅಭ್ಯಾಸ ಅವತ್ತು ಒಂದು ದಿನ ಬಿಡಿ. ಕಾಫಿ ಕುಡಿದ ಬಾಯಿಗೆ ಬಿಳಿ ವೈನ್ ಸೊನ್ನೆ.

ಮಧ್ಯೆ ಮಧ್ಯೆ ತಿನ್ನೋದಕ್ಕೆ ಒಗ್ಗರಣೆ ಹಾಕದ ಬರೀ ಮಂಡಕ್ಕಿ ಇಡಿ, ಪಕ್ಕದಲ್ಲಿ ನೀರು. ಚೀಸ್ ಬೇಡ, ಅದರ ಜೊತೆ ಎಲ್ಲ ವೈನೂ ಚೆನ್ನಾಗೇ ಇರುತ್ತೆ.

ಕೆಂಪು ವೈನ್ "ರೂಮ್ ಟೆಂಪರೇಚರ್" ಅಂದರೆ ನಮ್ಮ ರೂಮಲ್ಲ. 16ರಿಂದ 18 ಡಿಗ್ರಿ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಿಳಿ ಅದಕ್ಕಿಂತ ತಣ್ಣಗಿರಲಿ, ಆದರೆ ಐಸ್‌ಕೋಲ್ಡ್ ಬೇಡ. ಅತಿ ತಣ್ಣಗಾದರೆ ವಾಸನೆಯೇ ಏಳಲ್ಲ.

ದಾವಣಗೆರೆ ಡಿಲಕ್ಸ್

ಅಂಗಡಿಯಲ್ಲಿ ಬಿಸಿಲು ಬೀಳೋ ಶೋಕೇಸಿನ ಬಾಟಲಿ ತಗೋಬೇಡಿ. ನಾನು ಒಂದು ಕಡೆ ತಂದಿದ್ದು ಕಾರ್ಕ್ ಸ್ವಲ್ಪ ಮೇಲೆ ಬಂದಿತ್ತು, ವೈನ್ ಬೆಂದ ಹಣ್ಣಿನ ವಾಸನೆ. ಇನ್ನೊಂದು ಬಾಟಲಿ ಒದ್ದೆ ಗೋಣಿಚೀಲ ವಾಸನೆ ಬಂತು. ಎರಡನ್ನೂ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ಮೊದಲನೆಯದು ಬಿಸಿಗೆ ಕೆಟ್ಟದ್ದು. ಎರಡನೆಯದು ಟಿಸಿಎ, ಕಾರ್ಕ್‌ನಿಂದ ಬರುವ ದೋಷ. ಮೈಗೆ ಅಪಾಯ ಇಲ್ಲ, ರುಚಿ ಮಾತ್ರ ಸತ್ತಿರುತ್ತೆ. ತಿರುಪು ಮುಚ್ಚಳದ ಬಾಟಲಿಗೆ ಕಾರ್ಕ್‌ನ ಈ ಕಾಟ ಇಲ್ಲ. ಮುಚ್ಚಳ ಕಂಡು ಕಡಿಮೆ ವೈನ್ ಅಂದ್ಕೋಬೇಡಿ.

ಹೆಬ್ಬಾಳ ಫ್ಲೈಓವರ್

ರೋನ್‌ಗೆ ರೇಟ್ ನೋಡಿ ಗಾಬರಿ ಆಗಬೇಡಿ. ಹೊರದೇಶದ ವೈನ್‌ಗೆ ನಮ್ಮಲ್ಲಿ ಬಹಳ ಕಾಲದಿಂದ ಶೇಕಡ 150 ಆಮದು ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ. ಆಸ್ಟ್ರೇಲಿಯಾದ ಜೊತೆಗಿನ ಒಪ್ಪಂದ 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದು, ಆಮದು ಬೆಲೆ 5 ಅಮೆರಿಕನ್ ಡಾಲರ್‌ಗಿಂತ ಮೇಲಿನ ಬಾಟಲಿಗೆ ಸುಂಕ ಶೇಕಡ 100ಕ್ಕೆ, 15 ಡಾಲರ್‌ಗಿಂತ ಮೇಲಿನದ್ದಕ್ಕೆ 75ಕ್ಕೆ ಇಳಿಯಿತು. ಆಮೇಲೆ ವರ್ಷ ವರ್ಷ ಇಳಿಸೋ ಲೆಕ್ಕ. ನೀವು ಕೊಡೋ ದುಡ್ಡಿನಲ್ಲಿ ವೈನ್‌ಗೆ ಹೋಗೋದು ಎಷ್ಟು, ಸರ್ಕಾರಕ್ಕೆ ಹೋಗೋದು ಎಷ್ಟು ಅಂತ ಗೊತ್ತಿರಲಿ. ರೇಟ್ ಜಾಸ್ತಿ ಅಂದ ಮಾತ್ರಕ್ಕೆ ರುಚಿ ಜಾಸ್ತಿ ಅಲ್ಲ.

ಕುಕ್ಕರಹಳ್ಳಿ ಏರಿ

ಮೊನ್ನೆ ಶನಿವಾರ ಮುಗೀತು. ವಿವರವಾಗಿ ಬರೀತೀನಿ.

ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಹಾಕಿದ್ದು ನನ್ನ ಹೆಂಡತಿ. ಅವಳು ಕುಡಿಯಲ್ಲ, ಹಾಗಾಗಿ ಲೆಕ್ಕವೆಲ್ಲ ಅವಳ ಕೈಯಲ್ಲೇ ಇತ್ತು.

ಶೆನಿನ್ ಎರಡರಲ್ಲಿ ನಾಸಿಕ್‌ನದ್ದು ಬಾಯಿಗೆ ಸ್ವಲ್ಪ ಸಿಹಿ, ಹಣ್ಣು ಹಣ್ಣು. ಆಫ್ರಿಕಾದ್ದು ಬಿಗಿ, ಹುಳಿ ಜಾಸ್ತಿ. ಅಲ್ಲಿಗೆ ಎಂಟೂ ಜನ ಒಂದೇ ಮಾತು.

ಶಿರಾಜ್‌ನಲ್ಲಿ ಜಗಳ ಶುರು. ರೋನ್ ಮೊದಲು ಬಂತಲ್ಲ, ಮೂಗಿಟ್ಟ ಕೂಡಲೇ ಒಬ್ಬರು ಏನೂ ಹೇಳದೆ ಚೀಟಿಗೆ ಬರೆದರು. ಆಮೇಲೆ ಚೀಟಿ ಬಿಚ್ಚಿದರೆ ಐದು ಜನ ಮೆಣಸು ಅಂತ ಬರೆದಿದ್ದಾರೆ. ಈ ಚರ್ಚೆ ಅವರಲ್ಲಿ ಯಾರೂ ಓದಿಲ್ಲ. ಒಬ್ಬರು "ಮಿಳಗು ರಸಂ" ಅಂತಲೇ ಬರೆದಿದ್ದರು. ಉಳಿದ ಮೂವರಿಗೆ ಏನೂ ಇಲ್ಲ, ಬರೀ ಹುಳಿ. ಅದರಲ್ಲಿ ಒಬ್ಬರು ನಾನು. ಮತ್ತೆ ಮತ್ತೆ ಮೂಸಿದೆ, ಗ್ಲಾಸ್ ತಿರುಗಿಸಿದೆ, ಬರಲಿಲ್ಲ.

ನಂದಿ, ನಾಸಿಕ್ ಎರಡನ್ನೂ ಬೇರೆ ಮಾಡೋದು ಕಷ್ಟ ಆಯ್ತು. ಅರ್ಧ ಜನ ಅದಲು ಬದಲು ಹೇಳಿದರು. ನಂದಿಯದ್ದರಲ್ಲಿ ಹುಳಿ ಒಂದು ಗುಲಗಂಜಿ ಜಾಸ್ತಿ ಅಂದವರು ಮೂವರು. ಬರೋಸಾ ಮಾತ್ರ ಎಲ್ಲರಿಗೂ ಗೊತ್ತಾಯ್ತು. ಗಂಟಲಿಗೆ ಇಳಿಯುವಾಗಲೇ ಬಿಸಿ. ಬಣ್ಣ ಕಪ್ಪು. ಇಬ್ಬರು ಕೊಬ್ಬರಿ ಅಂತ ಬರೆದಿದ್ದರು, ಯಾಕೆ ಅಂತ ಯಾರಿಗೂ ಹೊಳೀಲಿಲ್ಲ.

ಮೊದಲ ಸುತ್ತಿನಲ್ಲಿ ಅಂಕ ಹಾಕಿದಾಗ ಬರೋಸಾ ಮೊದಲು, ರೋನ್ ಕೊನೆ. ಆಮೇಲೆ ಊಟ. ಮಟನ್ ಚಾಪ್ಸ್, ನೀರು ದೋಸೆ. ಅದೇ ನಾಲ್ಕು ವೈನ್, ಅದೇ ಗ್ಲಾಸ್. ಮಸಾಲೆ ಬಾಯಿಗೆ ಬರೋಸಾ ಉರಿ ಉರಿ ಆಯ್ತು, ಯಾರೂ ಎರಡನೇ ಗುಟುಕು ತಗೊಳ್ಳಲಿಲ್ಲ. ಯಾರಿಗೂ ಬೇಡ ಅನಿಸಿದ್ದ ರೋನ್ ಬಾಟಲಿ ಮೊದಲು ಖಾಲಿ ಆಯ್ತು. ನಂದಿಯದ್ದು ಎರಡನೆಯದು.

ಅಡಿಲೇಡ್ ಅಕ್ಕ

ಕೊಬ್ಬರಿ ಅಂದವರಿಗೆ ನನ್ನ ಶಹಬ್ಬಾಸ್ ಹೇಳಿ. ಬರೋಸಾದಲ್ಲಿ ಅಮೆರಿಕನ್ ಓಕ್ ಮರದ ಪೀಪಾಯಿ ಬಳಸೋ ಪದ್ಧತಿ ಹಳೆಯದು. ಆ ಮರದಿಂದ ಕೊಬ್ಬರಿ, ವೆನಿಲ್ಲಾ ವಾಸನೆ ಬರುತ್ತೆ. ಅದು ದ್ರಾಕ್ಷಿಯದ್ದಲ್ಲ, ಊರಿನದ್ದೂ ಅಲ್ಲ, ಪೀಪಾಯಿಯದ್ದು. ರೋನ್‌ನವರು ಬಳಸೋದು ಹೆಚ್ಚಾಗಿ ಫ್ರೆಂಚ್ ಓಕ್, ಅದೂ ಹಳೇ ಪೀಪಾಯಿ.

ದಾವಣಗೆರೆ ಡಿಲಕ್ಸ್

ನೋಡಿ, ಊಟದ ಜೊತೆ ಪೂರ್ತಿ ಉಲ್ಟಾ ಆಯ್ತಲ್ಲ. ನಾನಿನ್ನು ಬರೀ ಬಾಯಲ್ಲಿ ಹಾಕಿದ ಅಂಕ ನಂಬಲ್ಲ.

ನಂದಿ ತಪ್ಪಲು

ಎರಡನೇ ಸುತ್ತು ಬಿಡಬೇಡಿ ಅಂದದ್ದು ಅದಕ್ಕೇ. ಖಾರದ ಜೊತೆ ಆಲ್ಕೋಹಾಲ್ ಉರಿ ಹೆಚ್ಚಿಸುತ್ತೆ, ಒಗರೂ ಏರುತ್ತೆ. ಹುಳಿ ಇರೋ ವೈನ್ ಮಟನ್ ಕೊಬ್ಬನ್ನು ಕತ್ತರಿಸುತ್ತೆ. ಬರೋಸಾವನ್ನು ಮಸಾಲೆ ಇಲ್ಲದ ಸುಟ್ಟ ಮಾಂಸದ ಜೊತೆ ಕುಡಿದು ನೋಡಿ, ಆಗ ಅದರ ಬೆಲೆ ಗೊತ್ತಾಗುತ್ತೆ.

ಸಕಲೇಶಪುರ ಮೆಣಸು

ಬೆಂಗಳೂರಿಗೆ ಹೋದಾಗ ಒಂದು ಕ್ರೋಜ್ ಎರ್ಮಿಟಾಜ್ ತಂದೆ. ತಂಗಿ ಮನೆಯಲ್ಲಿ ತೆಗೆದದ್ದು. ನನಗೆ ಮೆಣಸು ಇಲ್ಲ. ಅವಳು ಗ್ಲಾಸ್ ಎತ್ತಿದವಳೇ "ಕಣದ ವಾಸನೆ ಕಣೋ ಅಣ್ಣ" ಅಂದಳು. ಒಂದೇ ಮನೆ, ಒಂದೇ ಕಣ. ಮೇಷ್ಟ್ರೇ, ಅಣ್ಣ ತಂಗಿಗೂ ಹೀಗೆ ಬೇರೆ ಆಗುತ್ತಾ?

ಕೆಮಿಸ್ಟ್ರಿ ಮೇಷ್ಟ್ರು

ಧಾರಾಳವಾಗಿ ಆಗುತ್ತೆ. ವಾಸನೆ ಹಿಡಿಯುವ ಗ್ರಾಹಕಗಳ ಜೀನ್‌ಗಳು ಅಣ್ಣ ತಂಗಿಗೂ ಒಂದೇ ಥರ ಬಂದಿರಬೇಕಿಲ್ಲ. ಇನ್ನು ಮುಂದೆ ಶಿರಾಜ್ ಕೊಳ್ಳುವಾಗ ತಂಗಿಯನ್ನು ಕರ್ಕೊಂಡು ಹೋಗಿ.

ವಿಜಯಪುರ ಮಣೂಕ

ನಂದಿಯದ್ದರಲ್ಲಿ ಹುಳಿ ಜಾಸ್ತಿ ಅಂತ ಮೂವರು ಹೇಳಿದರಲ್ಲ, ಅದು ಕೇಳಿ ಖುಷಿ ಆಯ್ತು. ಆ ಹುಳಿ ಉಳಿಸೋದಕ್ಕೆ ಸಕ್ಕರೆ ಪೂರ್ತಿ ಏರೋ ಮೊದಲೇ, ಬ್ರಿಕ್ಸ್ (ಹಣ್ಣಿನ ಸಕ್ಕರೆ ಅಳತೆ) ನೋಡಿ, ಬೆಳಗಿನ ಜಾವ ಕೊಯ್ಯಬೇಕು. ಹಣ್ಣು ಬಿಸಿ ಆಗೋ ಮೊದಲು ವೈನರಿ ಸೇರಬೇಕು. ಕೂಲಿಗೆ ಬಂದವರು ಕತ್ತಲಲ್ಲಿ ತಲೆಗೆ ಟಾರ್ಚ್ ಕಟ್ಕೊಂಡು ಕೊಯ್ಯೋದು ನಾನು ನೋಡಿದ್ದೇನೆ.

ಜಯನಗರ ನಾಲ್ಕನೇ ಬ್ಲಾಕ್

ಉಳಿದ ವೈನ್ ಏನು ಮಾಡಿದ್ರಿ?

ಕುಕ್ಕರಹಳ್ಳಿ ಏರಿ

ಬರೋಸಾ ಅರ್ಧ ಉಳಿದಿತ್ತು. ಸಣ್ಣ ಬಾಟಲಿಗೆ ಕತ್ತಿನ ತನಕ ತುಂಬಿ ಫ್ರಿಜ್‌ನಲ್ಲಿ ಇಟ್ಟೆ. ಗಾಳಿ ಕಡಿಮೆ ಇದ್ದರೆ ಎರಡು ಮೂರು ದಿನ ಕೆಡಲ್ಲ.

ಮುಂದಿನ ಸಲ ಶೆನಿನ್ ಮಾತ್ರ ಮಾಡೋಣ ಅಂತಿದ್ದೇವೆ. ನಾಸಿಕ್, ದಕ್ಷಿಣ ಆಫ್ರಿಕಾ, ಫ್ರಾನ್ಸ್‌ನ ವೂವ್ರೆ ಊರಿನದ್ದು. ಇದಕ್ಕೆ ಏನಾದರೂ ಎಚ್ಚರಿಕೆ ಇದೆಯಾ?

ನಂದಿ ತಪ್ಪಲು

ಇದೆ. ವೂವ್ರೆಯಲ್ಲಿ ಒಂದೇ ದ್ರಾಕ್ಷಿಯಿಂದ ಸಿಹಿ ಇಲ್ಲದ್ದು, ಅರೆ ಸಿಹಿ, ಪೂರ್ತಿ ಸಿಹಿ, ನೊರೆ ಬರೋದು, ಎಲ್ಲ ಮಾಡ್ತಾರೆ. ಲೇಬಲ್‌ನಲ್ಲಿ "ಸೆಕ್" (ಸಿಹಿ ಇಲ್ಲದ್ದು) ಅಂತ ಇದ್ದರೆ ಮಾತ್ರ ತಗೊಳ್ಳಿ. "ಡೆಮಿ ಸೆಕ್" (ಅರೆ ಸಿಹಿ) ತಂದರೆ ಉಳಿದ ಎರಡರ ಜೊತೆ ಹೋಲಿಸೋಕೆ ಆಗಲ್ಲ. ಆದರೆ ಊಟಕ್ಕೆ ಅಂತ ಒಂದು ಡೆಮಿ ಸೆಕ್ ಬೇರೆ ತಂದಿಡಿ. ಖಾರದ ಮೀನು ಫ್ರೈಗೆ ಅದು ಬಲು ಚೆನ್ನಾಗಿ ಹೊಂದುತ್ತೆ.

ಮಂಗಳೂರು ಬಂದರು

ಮೀನು ನಾನು ಕಳಿಸ್ತೀನಿ. ಅಂಜಲ್ ಬೇಕಾ, ಬಂಗುಡೆ ಬೇಕಾ?

ಕುಕ್ಕರಹಳ್ಳಿ ಏರಿ

ಬಂಗುಡೆ ಸರ್. ಮಸಾಲೆಗೆ ಬ್ಯಾಡಗಿ ನಮ್ಮಲ್ಲೇ ಇದೆ.